ಎರಡು ಹಲ್ಲಿನ ಸಾಮಾನು

ಭಾನುವಾರದ ಸಂತೆಯಲ್ಲಿ ಕೆಜಿ ಲೆಕ್ಕಕ್ಕೆ
ತೂಗಿಸಿ ತಂದ ಗುಜರಿ ಚೀಲದ ತಳದಲ್ಲಿ
ಇದು ಸಿಕ್ಕಿತು.
ತೋರುಬೆರಳಿನಷ್ಟು ಉದ್ದ, ತುದಿಗೆ ಎರಡು ಹಲ್ಲು,
ಹಿಡಿಯಲ್ಲೊಂದು ದುಂಡನೆಯ ಗುಳಿ,
ಗುಳಿಯಲ್ಲೊಂದು ನೀಲಿ ಬಿಲ್ಲೆ.
ಉಗುರು ಹಾಕಿ ಎಬ್ಬಿಸಿದರೆ ಏಳುತ್ತದೆ,
ಬಿಟ್ಟರೆ ಟಕ್ಕೆಂದು ತನ್ನ ಗುಳಿಗೇ ಮರಳುತ್ತದೆ.

ಕಾರವಾರದ ಗ್ರೀನ್ ಸ್ಟ್ರೀಟಿನ ಮೂಲೆಯಲ್ಲಿ
ಮೂವತ್ತೆಂಟು ವರ್ಷದಿಂದ ಕೀಲಿ ಮಾಡುವವ ನಾನು.
ಗೋವೆಯ ಹಳೇ ಪೆಟಾರಿಯಿಂದ ಬೈಕಿನ ಟ್ಯಾಂಕಿನವರೆಗೆ
ನನ್ನೆದುರು ಬಾಯಿ ಬಿಡದ ಬೀಗವಿಲ್ಲ.
ಹೆಸರು ಗೊತ್ತಿಲ್ಲದ ಕಬ್ಬಿಣ ಅಂಗಡಿಯಲ್ಲಿದ್ದರೆ
ಊಟ ಸೇರುವುದಿಲ್ಲ.

ಬಲೆ ಹೆಣೆಯುವ ಜಾನು ಹರಿಕಂತ್ರ
ಕಣ್ಣೆತ್ತದೆ ಅಂದ: ನಮ್ಮದಲ್ಲ.
ಮೀನಿನ ಬುಟ್ಟಿ ಇಳಿಸಿದ ಸುಶೀಲಾಬಾಯಿಗೆ ಅನುಮಾನವೇ ಇಲ್ಲ:
ತಿಸರೆಯ ಚಿಪ್ಪಿನಿಂದ ಮಾಂಸ ಎಬ್ಬಿಸಲಿಕ್ಕೆ, ಮತ್ತೆಂತದಕ್ಕೆ?
ದೊಡ್ಡವರು ಬೆರಳು ಹಾಕುವುದಿಲ್ಲವಂತೆ.
ಶೇಟರು ಕಣ್ಣಿಗೆ ಭೂತಗಾಜು ಏರಿಸಿ
ಬಂಗಾರವಲ್ಲ ಎಂಬುದನ್ನಷ್ಟೇ ಖಾತ್ರಿ ಮಾಡಿದರು.
ಕಂಪೌಂಡರ್ ಪೆದ್ರು ಮೇಜಿಗೆ ಬಡಿದು
ಕಿವಿಗೆ ಹಿಡಿದ, ಕಾದ,
ಹಾಡುವುದಿಲ್ಲ ಎಂದು ವಾಪಸು ಕೊಟ್ಟ.
ನಾನು ಕದ್ದು ಮುಚ್ಚಿ ಏಳು ಬೀಗಕ್ಕೆ ತೂರಿಸಿ ನೋಡಿದೆ.
ಒಂದೂ ತೆರೆಯಲಿಲ್ಲ.

ಗುರುವಾರ ಬುದವಂತಿ ಗೌಡ ಬಂದಳು.
ಟ್ರಂಕಿಗೆ ಇರುವುದು ಒಂದೇ ಕೀಲಿ, ಸೊಸೆಗೂ ಒಂದು ಬೇಕು.
ಕೊರಳ ತುಂಬ ಕರಿಮಣಿ, ಮಣಿಗಳ ಮೇಲೆ
ಫೋಟೋ ಅಂಟಿಸಿದ ಗುರುತಿನ ಚೀಟಿ.
ಬೇಲಿಯ ಒಳಗೆ ಹುಲ್ಲು ನೋಡಿಕೊಳ್ಳುವ ಕೆಲಸ ಅವಳದು.
ಸಾಮಾನು ಕಂಡದ್ದೇ ನಕ್ಕಳು:
ಓ, ಇದು ಸಾಹೇಬರ ಕಿಸೆಯದು! ಗಾಲ್ಫಿನದು!

"ಹೊಡೆದ ಚೆಂಡು ಮುಗಿಲಿಂದ ಬೀಳ್ತದೆ,
ಬಿದ್ದಲ್ಲಿ ಹುಲ್ಲು ತಗ್ಗಾಗ್ತದೆ.
ಆ ತಗ್ಗು ಮುಚ್ಚಲಿಕ್ಕೆ ಇದು.
ತಡೆ, ತೋರಸ್ತೆ."
ಕೀಲಿಯ ಅಚ್ಚು ತೆಗೆಯುವ ನನ್ನ ಸೋಪು ಎಳೆದುಕೊಂಡು
ಹೆಬ್ಬೆರಳಿಂದ ಒಂದು ಕುಳಿ ಒತ್ತಿದಳು.
"ಎಲ್ಲರೂ ತಪ್ಪು ಮಾಡೂದು ಇಲ್ಲೇ,
ಚುಚ್ಚಿ ಮೇಲಕ್ಕೆತ್ತತಾರೆ. ಎತ್ತಿದರೆ ಬೇರು ಹರೀತದೆ,
ನಾಕು ದಿನಕ್ಕೆ ಹಳದಿ.
ಸುತ್ತಲಿಂದ ನಡುವಿಗೆ ದೂಡಬೇಕು, ಹೀಂಗೆ,
ಮಲಗಿದ ಕೂಸಿಗೆ ಹೊದಿಕೆ ಸೇರಿಸಿದ ಹಾಂಗೆ.
ಮೇಲೊಮ್ಮೆ ಅಂಗಾಲಿಂದ ಒತ್ತಿಬಿಟ್ಟರೆ
ಇಲ್ಲಿ ಎಂತದೂ ಬಿದ್ದೇ ಇಲ್ಲ."

ಸೋಪು ನಯವಾಯಿತು. ನನಗೆ ಯಾಕೋ ಸಿಟ್ಟು ಬಂತು.
ನನ್ನ ಅನ್ನವೆಲ್ಲ ಒತ್ತಿದ ಗುರುತಿನದು.
ಗುರುತು ಉಳಿದರೆ ಕೀಲಿ, ಕೀಲಿಯಿದ್ದರೆ ಬಾಗಿಲು.
ಅಳಿಸಲಿಕ್ಕೂ ಒಂದು ಸಾಮಾನು ಮಾಡಿಸಿ
ಕಿಸೆಯಲ್ಲಿಟ್ಟು ತಿರುಗುತ್ತಾರಲ್ಲ!

ಮತ್ತೆ ಈ ಬಿಲ್ಲೆ?

"ಒಬ್ಬನ ದಾರಿಗೆ ಇನ್ನೊಬ್ಬನ ಚೆಂಡು ಅಡ್ಡವಾದರೆ
ಅದನ್ನ ಎತ್ತಬೇಕಾಗ್ತದೆ.
ಎತ್ತೂ ಮೊದಲು ಅದರ ಹಿಂದೆ ಬಿಲ್ಲೆ ಇಡಬೇಕು.
ಆಮೇಲೆ ತಿರುಗಿ ಅಲ್ಲೇ, ಕೂದಲೆಳೆ ತಪ್ಪಬಾರದು.
ಜಾಗ ಅದರದ್ದೇ ಅಲ್ವನಾ."

ಸ್ವಲ್ಪ ಹೊತ್ತು ಬಿಲ್ಲೆಯನ್ನು ಸೆರಗಿನಿಂದ ಉಜ್ಜಿದಳು.
"ಏಳನೇ ಕುಳಿಯ ಹತ್ತಿರ ನಮ್ಮ ಹರಿವೆ ಮಡಿ ಇತ್ತು.
ಅಥವಾ ಆರನೇದೋ.
ನಾ ಅಂದಾಜಿನ ಮೇಲೆ ಹೇಳ್ತೆ."

ಹೊರಗೆ ಬಸ್ಸು ಹಾರ್ನ್ ಹಾಕಿತು.
ನಲವತ್ತು ರೂಪಾಯಿ ಎಣಿಸಿಟ್ಟು
ಸಾಮಾನು ಬೇಡ, ಬಿಲ್ಲೆ ಒಂದು ಕೊಡು ಅಂದಳು.
ಕವಳದ ಸಂಚಿಗೆ ಅದನ್ನು ಹಾಕಿಕೊಂಡು ಓಡಿದಳು.
ನಾನು ಎಂತಕ್ಕೆ ಎಂದು ಕೇಳಲಿಲ್ಲ.

ಎರಡು ಹಲ್ಲಿನದು ಈಗ ಮೊಳೆಗೆ ತೂಗಿದೆ
ಬೀಗ ಕಳೆದುಕೊಂಡ ಕೀಲಿಗಳ ನಡುವೆ.
ರಾತ್ರಿ ಬಾಗಿಲು ಹಾಕಿ ಹೋಗಿ
ಬೆಳಿಗ್ಗೆ ಬಂದು ನೋಡಿದರೆ
ಖಾಲಿ ಗುಳಿಯ ಆಯಸ್ಕಾಂತ
ಯಾರದೋ ತುಕ್ಕು ಹಿಡಿದ ಕೀಲಿಯೊಂದನ್ನು
ಎಳೆದು ಅಪ್ಪಿಕೊಂಡಿರುತ್ತದೆ.
ಬಿಡಿಸಿ ಇಡುತ್ತೇನೆ.
ನಾಳೆ ಮತ್ತೆ.