ಲಾಟ್ ನಂಬರ್ ಇಲ್ಲದ ಕೋಣೆ

ಗೂಡು ಕೊಳ್ಳುವುದು ನನಗೆ ಗೊತ್ತು.
ಜಾಲರಿಯಿಂದ ಒಂದನ್ನೆತ್ತಿ ಕಿವಿಯ ಹತ್ತಿರ ಹಿಡಿದು
ಮೆಲ್ಲಗೆ ಅಲ್ಲಾಡಿಸುತ್ತೇನೆ.
ಒಳಗಿನ ಹುಳ ಲಟ್ ಲಟ್ ಅಂದರೆ ಗೂಡು ಗಟ್ಟಿ.
ಸದ್ದೇ ಇಲ್ಲದಿದ್ದರೆ ಒಳಗೇ ಕರಗಿ ಅಂಟಿದೆ,
ನೂಲು ಹರಿಯುತ್ತದೆ, ಬಾಣಲೆ ನಾರುತ್ತದೆ.

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ
ಈ ಕಿವಿಯನ್ನೇ ನಂಬಿ ದುಡ್ಡು ಹಾಕಿದ್ದೇನೆ.
ಮೊದಲು ಕೂಗಾಟದ ಹರಾಜು, ಈಗ ಮೊಬೈಲು.
ಗಂಟಲಿನ ಕೆಲಸ ಬೆರಳಿಗೆ ಬಂತು,
ಕಿವಿಗೆ ಮಾತ್ರ ರಜೆ ಸಿಗಲಿಲ್ಲ.

ಕಂಚಿಯ ಏಕಾಂಬರ ಮೊದಲಿಯಾರರು ಮಗಳ ಮದುವೆಗೆ ಕರೆದರು.
ನಮ್ಮ ನೂಲು ನೂರು ಸಲ ಆ ಊರಿಗೆ ಹೋಗಿದೆ,
ನಾವು ಒಮ್ಮೆಯೂ ಹೋಗಿಲ್ಲ.
ಹಾಗೇ ಮಹಾಬಲಿಪುರದ ಕಡಲೂ ನೋಡಿಬನ್ನಿ ಅಂತ
ತಂಗಿಯ ಮಗಳು ತರನ್ನುಮ್ ಫೋನಿಗೆ ಒಂದು ಸೈಟು ಹಾಕಿಕೊಟ್ಟಳು:
"ಖಾಲಾ, ಇಲ್ಲಿ ರೂಮಿಗೆ ನೀವೇ ರೇಟು ಕೂಗಬೇಕು.
ಹೋಟೆಲಿನ ಹೆಸರು ಹೇಳೋದಿಲ್ಲ.
ಒಪ್ಪಿದರೆ ಮೊದಲು ದುಡ್ಡು ಹೋಗುತ್ತೆ, ಆಮೇಲೆ ಹೆಸರು ಬರುತ್ತೆ.
ವಾಪಸ್ಸು ಅನ್ನೋ ಮಾತಿಲ್ಲ."

ನಾಲ್ಕು ನಕ್ಷತ್ರ, ಕಡಲಿಗೆ ಹತ್ತಿರ, ಬೆಳಗಿನ ತಿಂಡಿ ಸೇರಿ.
ಅಷ್ಟೇ.
ಫೋನನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ.
ಇವರು ನಕ್ಕರು. ನಾನು ನಗಲಿಲ್ಲ.

ಸಾವಿರದ ಇನ್ನೂರು ಅಂದೆ. ಇಲ್ಲ ಅಂದಿತು.
ಇಲ್ಲ ಅನ್ನುವಾಗ ಅದಕ್ಕೆ ಮುಖ ಇರಲಿಲ್ಲ.

ಮಾರುಕಟ್ಟೆಯಲ್ಲಾದರೆ ಜಾಲರಿಯ ಪಕ್ಕ
ದಿಬ್ಬೂರಹಳ್ಳಿಯ ಪಿಳ್ಳಾಂಜಿನಪ್ಪ ನಿಂತಿರುತ್ತಾನೆ,
ಹೆಗಲ ಟವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ.
ಹತ್ತು ರೂಪಾಯಿ ಕಮ್ಮಿ ಹಾಕಿದರೆ ಸುತ್ತುವುದು ನಿಲ್ಲುತ್ತದೆ.
ಅದನ್ನು ನೋಡಿ ಐದು ಏರಿಸುತ್ತೇನೆ. ಒಮ್ಮೊಮ್ಮೆ
ನೋಡದವಳ ಹಾಗೆ ಮುಂದಿನ ಜಾಲರಿಗೆ ನಡೆಯುತ್ತೇನೆ.
ಎರಡನ್ನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮತ್ತೆ ಕೂಗಲು ಒಂದು ದಿನ ಕಾಯಬೇಕಂತೆ.
ಕಾಯದಿದ್ದರೆ ಏನನ್ನಾದರೂ ಬಿಡಬೇಕಂತೆ:
ಒಂದು ನಕ್ಷತ್ರ, ಇಲ್ಲವೇ ಕಡಲು.
"ಕಡಲು ಬಿಡು," ಅಂದರು ಇವರು, "ಆಟೋಗೆ ಐವತ್ತು ಕೊಟ್ಟರಾಯ್ತು."
ನಾನು ನಕ್ಷತ್ರ ಬಿಟ್ಟೆ.
ಸಾವಿರದ ಆರುನೂರ ಐವತ್ತಕ್ಕೆ, ರಾತ್ರಿ ಹನ್ನೊಂದೂವರೆಗೆ,
ಒಲೆ ಆರಿಸಿ, ಬೆಂದ ಬೆರಳು ಒರೆಸಿಕೊಂಡು ಒತ್ತಿದಾಗ
ಹಸಿರು ಗುರುತು ಬಂತು. ಹೆಸರೂ ಬಂತು.
ತಾಳಿ ಕಟ್ಟಿದ ಮೇಲೆ ಗಂಡಿನ ಊರು ಕೇಳಿದ ಹಾಗೆ
ಮೂರು ಸಲ ಓದಿದೆ.

ಮದುವೆ ಚೆನ್ನಾಗಾಯಿತು.
ಹುಡುಗಿಯ ಸೀರೆಯಲ್ಲಿ ನನ್ನ ಎಳೆ ಯಾವುದು ಅಂತ
ಕಣ್ಣು ಹುಡುಕುತ್ತಲೇ ಇತ್ತು, ಕೇಳಲು ನಾಚಿಕೆ.

ಕೋಣೆಯ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ.
ಬಚ್ಚಲಿನ ಗವಾಕ್ಷಿಯಲ್ಲಿ, ಬಕೆಟ್ಟು ಬೋರಲು ಹಾಕಿ ಹತ್ತಿದರೆ,
ಎರಡು ನೀರಿನ ಟ್ಯಾಂಕಿನ ನಡುವೆ
ಒಂದು ಎಳೆ ಕಡಲು.
ಹರಿದಿರಲಿಲ್ಲ. ಅರ್ಧ ಗಂಟೆ ನೋಡಿದೆ.

ಬೆಳಗ್ಗೆ ಇಡ್ಲಿ ತಿನ್ನುವಾಗ ಸೇಲಂನಿಂದ ಬಂದ ದಂಪತಿ
ಸಾವಿರದ ನಾನೂರಕ್ಕೇ ಸಿಕ್ಕಿತು ಅಂದರು.
ಇವರಿಗೆ ಇಡ್ಲಿ ಗಂಟಲಲ್ಲಿ ನಿಂತಿತು.
ಇನ್ನೂರೈವತ್ತು, ಇನ್ನೂರೈವತ್ತು ಅಂತ
ಬಸ್ಸು ವೇಲೂರು ದಾಟುವವರೆಗೂ ಗೊಣಗಿದರು.
ಅದೇ ತೋಟದ ಗೂಡಿಗೆ ಅಣ್ಣನಿಗೊಂದು ರೇಟು,
ತಮ್ಮನಿಗೊಂದು ರೇಟು ನಾನು ಕೊಟ್ಟದ್ದು
ಇವರಿಗೆ ನೆನಪಿರಲಿಲ್ಲ. ನನಗಿತ್ತು.

ಸೋಮವಾರ ಮಾರುಕಟ್ಟೆ.
"ಕಡಲು ಎಂಗಿತ್ತಮ್ಮಾ?" ಪಿಳ್ಳಾಂಜಿನಪ್ಪ ಕೇಳಿದ.
"ಕೊಟ್ಟ ದುಡ್ಡಿಗೆ ಎಷ್ಟು ಬರುತ್ತೋ ಅಷ್ಟಿತ್ತು," ಅಂದೆ.
ಅವನು ನಕ್ಕ. ಟವೆಲಿನ ತುದಿ ಬೆರಳಿಗೆ ಸುತ್ತುತ್ತಿತ್ತು.
ಅವನ ಗೂಡೊಂದನ್ನು ಕಿವಿಗೆ ಹಿಡಿದೆ.
ಲಟ್ ಲಟ್.
ನಾನಿನ್ನೂ ಬೆಲೆ ಒತ್ತಿರಲಿಲ್ಲ.