ಕವಡೆ ಗುರುತು

ಕುಮಾಸಿಯ ಅಚ್ಚುಮನೆಗೆ ಮಧ್ಯಾಹ್ನ ಕರೆಂಟು ಬಂತು.
ಸಾವಿನ ಮನೆಯ ಮುಯ್ಯಿ ರಸೀದಿ, ಇನ್ನೂರು,
ಶನಿವಾರದೊಳಗೆ.

ಪೊಕುವಾ ಹೊಸ ಫಾಂಟು ಹಾಕಿದಳು.
ಸೆಡಿ ಗುರುತಿದ್ದಲ್ಲೆಲ್ಲ
ಒಂದೊಂದು ಖಾಲಿ ಚೌಕ.
"ಅಪ್ಪನಿಗೆ ಒಂದೇ ಪೆಟ್ಟಿಗೆ ಸಾಕಮ್ಮ"
ಅಂದ ಹಿರಿಮಗ, ನಗದೆ.

ಅವಳು ಬರೀ ಸೀ ಅಕ್ಷರ ಇಟ್ಟಳು,
ಮೇಲೊಂದು ಓರೆಗೆರೆ ಎಳೆದು ತಂದಳು
ಕೂದಲೆಳೆ ಎಡಕ್ಕೆ, ಇನ್ನೂ ಎಡಕ್ಕೆ,
ಹಿಂದೆ ಅವಳ ಸೋದರಮಾವ
ಟೈಪ್‌ರೈಟರನ್ನು ಒಂದು ಹೆಜ್ಜೆ ಹಿಮ್ಮೆಟ್ಟಿಸಿ
ಗೀಟು ಕುಟ್ಟುತ್ತಿದ್ದ ಹಾಗೆ.

ಅಲ್ಲಿನ ಹಳಬರ ಮಾತಲ್ಲಿ ಸೆಡಿ ಅಂದರೆ ಕವಡೆ.
ಫಾಂಟು ಕವಡೆ ಕಿಮ್ಮತ್ತೂ ಕೊಡದ ಗುರುತು
ಸಂಜೆ ಬೆಂಚಿನ ಮೇಲೆ ಸಾಲಾಗಿ ಒಣಗುತ್ತಿತ್ತು.

ಮೊದಲ ಕರಡಲ್ಲಿ ಮಾತ್ರ ಗೆರೆ ಬಲಕ್ಕೆ ಜಾರಿ
ಐವತ್ತರ ಐದನ್ನು ಕಡಿದಿತ್ತು.
ಎಸೆಯಲಿಲ್ಲ;
ಅದರ ಮೇಲೆ ತನ್ನ ಹೆಸರು ಬರೆದು
ಐವತ್ತು ಎಣಿಸಿ ಅವನ ಕೈಗಿಟ್ಟಳು.