ಮೀನಂಗಡಿಯ ಐಸು

ಶಿರಾ ಕೆರೆ ಏರಿಯ ಪಕ್ಕ
ಇನಾಯತ್ ಮೀನಂಗಡಿ ತೆಗೆಯುವುದು ಏಳಕ್ಕೆ.
ಅಷ್ಟರಲ್ಲಿ ನಾನು ಡಬ್ಬಿ ಹಿಡಿದು ನಿಂತಿರುತ್ತೇನೆ.
"ಇವತ್ತೂ ಮೀನು ಬೇಡವೇನಮ್ಮ, ಬರೀ ಐಸೇ?"
ಬರೀ ಐಸೇ.
ಬಿಸಿಲು ಅಳೆಯಲು ಹೊರಟವಳಿಗೆ
ಮೊದಲು ಬೇಕಾದದ್ದು ಒಂದು ಬಕೆಟ್ಟು ಚಳಿ.

ಕಿತ್ತ ಎಲೆಗೆ ಪುರುಸೊತ್ತಿಲ್ಲ.
ಹೊಲದಿಂದ ಮೇಜಿಗೆ ಬರುವಷ್ಟರಲ್ಲೇ
ಒಳಗಿನ ಕಿಣ್ವ ಕೈಚೆಲ್ಲಿಬಿಡುತ್ತದೆ.
ಐಸಿನಲ್ಲಿ ಕುಟ್ಟಾಣಿ ಹೂತು
ಅರೆಯುತ್ತೇನೆ, ಬೆರಳು ಮರಗಟ್ಟುವವರೆಗೆ.
ಕಿಟಕಿಯಾಚೆ ನಲವತ್ತೊಂದು ಡಿಗ್ರಿ.

ಹಸಿರು ರಸಕ್ಕೆ ಎರಡು ಹನಿ ಮದ್ದು,
ಚಿಕ್ಕವಳಿದ್ದಾಗ ಕಾಂಪೌಂಡರು
ಮಂಡಿಗಾಯಕ್ಕೆ ಸುರಿದು ಬುಸುಗುಡಿಸುತ್ತಿದ್ದನಲ್ಲ, ಅದೇ.
ನೊರೆ ಬಂದರೆ ಗಿಡ ಇನ್ನೂ ಜಗಳಕ್ಕಿದೆ,
ತನ್ನೊಳಗೇ ಹುಟ್ಟಿದ ವಿಷವನ್ನು
ನೀರು ಮಾಡಿ, ಗಾಳಿ ಮಾಡಿ ಬಿಡುತ್ತಿದೆ.
ಮಾರ್ಚಿಯಲ್ಲಿ ನೊರೆ ಉಕ್ಕಿ ಬೆರಳಿಗೆ ಹತ್ತಿತ್ತು.
ಏಪ್ರಿಲ್ ಮೊದಲ ವಾರ ಇನ್ನೂ ಜಾಸ್ತಿ,
ಸುಟ್ಟಷ್ಟೂ ಸೆಟೆದು ನಿಂತಿತ್ತು ಹತ್ತಿ.
ಇಪ್ಪತ್ತೆರಡನೇ ತಾರೀಖು
ನಾಲ್ಕು ಗುಳ್ಳೆ.
ಮತ್ತೆ ಎಣಿಸಿದೆ. ನಾಲ್ಕೇ.

ಸಾಲಿನಲ್ಲಿ ಓಬಳಮ್ಮ ಹೂ ಕೂಡಿಸುತ್ತಿದ್ದಳು.
ಹಿಂದಿನ ಸಂಜೆ ಗಂಡು ಕಿತ್ತ ಮೊಗ್ಗಿಗೆ
ಬೆಳಿಗ್ಗೆ ಬೇರೆ ಗಿಡದ ಪುಡಿ ಸವರಿ
ಕೆಂಪು ದಾರ ಕಟ್ಟುವ ಕೆಲಸ.
ಥರ್ಮಾಮೀಟರ್ ಇಲ್ಲ ಅವಳ ಬಳಿ.
ಹೂವನ್ನು ಹೆಬ್ಬೆಟ್ಟಿಗೊಮ್ಮೆ ಒತ್ತುತ್ತಾಳೆ:
ಹಳದಿ ಅಂಟಿದರೆ ಸರಿ;
ಅಂಟದಿದ್ದರೆ ಕಿವಿಯ ಹಿಂದೆ ಸಿಗಿಸಿಕೊಂಡು
"ಇದು ಬಂಜೆ ಗಂಡು ಕಣವ್ವ" ಎಂದು ನಗುತ್ತಾಳೆ.
"ಹಗಲು ಎಷ್ಟು ಕಾದ್ರೂ ತಡ್ಕಂತೈತೆ ಗಿಡ.
ರಾತ್ರೀನೂ ಸೆಕೆ ಬಿಡ್ದಿದ್ರೆ ಪುಡಿ ಒಡೆಯಲ್ಲ.
ನಿದ್ದೆಗೆಟ್ಟೋರು ಬಸುರಿ ಆಗ್ತಾರೇನು?"

ನನ್ನ ಪಟ್ಟಿಯಲ್ಲಿ ರಾತ್ರಿಗೆ ಕಾಲಮ್ಮೇ ಇರಲಿಲ್ಲ.

ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ, ಸೊಟ್ಟಗೆ.
ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದು
ದೂರದಲ್ಲೆಲ್ಲೋ ಮೋಟರು ಗುಡುಗತೊಡಗಿದಾಗ
ಟಾರ್ಚು ಹಿಡಿದು ಸಾಲಿನಲ್ಲಿ ನಿಂತಿದ್ದೆ.
ಇಪ್ಪತ್ತೊಂಬತ್ತೂವರೆ.
ನೆಲ ಮುಟ್ಟಿದರೆ, ಈಗಷ್ಟೇ ಒಲೆಯಿಂದಿಳಿಸಿದ ಹೆಂಚು.
ಚಪ್ಪಲಿಯಡಿ ಉದುರಿದ ಎಳೆಗಾಯಿಗಳು,
ಮೂರಕ್ಕೆ ಕೆಂಪು ದಾರ ಬಿಗಿಯಾಗಿಯೇ ಇತ್ತು.
ಹೆಕ್ಕಿ ಡಬ್ಬಿಗೆ ಹಾಕಿದೆ,
ಬೆಳಗಿನ ಐಸು ಕರಗಿ ಉಳಿದ
ಮೀನುವಾಸನೆಯ ನೀರಿಗೆ.

ಏಳಕ್ಕೆ ಇನಾಯತ್ ನನ್ನ ಕಣ್ಣು ನೋಡಿದ.
ಮೀನಿನ ಮಾತೆತ್ತಲಿಲ್ಲ.
ತೂಗದೆಯೇ
ಇನ್ನೆರಡು ಬೊಗಸೆ ಜಾಸ್ತಿ ಹಾಕಿದ.